ಒಂದು ಮಹಾಸಂಖ್ಯೆಯ ಪರೀಕ್ಷೆ

1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ. 2, 3, 5, 7, 11 ಇವು ಈ ಕುಲಕ್ಕೆ ಸೇರಿದವು. ಇವುಗಳಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕ್ ಗಣಿತಜ್ಞನಾದ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದನು. ಆದರೆ ಕೊನೆಯಿಲ್ಲವೆಂದು ಅರಿಯುವುದು ಬೇರೆ. ಕಣ್ಣೆದುರಿಗಿರುವ ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ನಿರ್ಣಯಿಸುವುದು ಬೇರೆ.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮರ್ಸೆನ್ ಎಂಬ ಪಾದ್ರಿಯಿದ್ದನು. 2ರ ಘಾತಗಳಿಂದ 1ನ್ನು ಕಳೆದಾಗ ದೊರೆಯುವ ಸಂಖ್ಯೆಗಳು ಅವನ ಮನಸ್ಸನ್ನು ಸೆಳೆದವು. ಘಾತಾಂಕ 5 ಆದಾಗ ದೊರೆಯುವ 31 ಅವಿಭಾಜ್ಯ. ಘಾತಾಂಕ 11 ಆದಾಗ ದೊರೆಯುವ 2047 ಹಾಗಲ್ಲ. ಅದು 23 ಮತ್ತು 89ರ ಗುಣಲಬ್ಧ. 257ರವರೆಗಿನ ಯಾವ ಯಾವ ಘಾತಾಂಕಗಳು ಅವಿಭಾಜ್ಯಗಳನ್ನು ಕೊಡುತ್ತವೆಂಬ ಪಟ್ಟಿಯನ್ನು ಮರ್ಸೆನ್ 1644ರಲ್ಲಿ ಪ್ರಕಟಿಸಿದನು. 67 ಮತ್ತು 127 ಅದರಲ್ಲಿ ಸೇರಿದ್ದವು. ಆದರೆ ಅವಕ್ಕೆ ಅವನು ಸಾಧನೆಯನ್ನು ಕೊಟ್ಟಿರಲಿಲ್ಲ.

ಘಾತಾಂಕ 127 ಆದಾಗ ಬರುವ ಸಂಖ್ಯೆಯಾದರೂ ಎಂತಹುದು! ಅದು 170141183460469231731687303715884105727, ಒಟ್ಟು ಮೂವತ್ತೊಂಬತ್ತು ಅಂಕಿಗಳು. ಇದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ, ಸೆಕೆಂಡಿಗೆ ಒಮ್ಮೆಯಂತೆ ಭಾಗಿಸುತ್ತ ಹೋದರೆ ನೂರಾರು ಕೋಟಿ ವರ್ಷಗಳು ಬೇಕಾಗುತ್ತವೆ.

ಈ ಕಗ್ಗಂಟನ್ನು ಬಿಡಿಸಿದವನು ಫ್ರಾನ್ಸಿನ ಶಾಲಾ ಅಧ್ಯಾಪಕನಾಗಿದ್ದ ಎಡ್ವರ್ಡ್ ಲ್ಯೂಕಾಸ್. ಭಾಜಕಗಳನ್ನು ಹುಡುಕದೆಯೇ ಸಂಖ್ಯೆಯನ್ನು ಪರೀಕ್ಷಿಸುವ ಮಾರ್ಗವನ್ನು ಅವನು ಕಂಡುಕೊಂಡನು. 1930ರಲ್ಲಿ ಲೆಹ್ಮರ್ ಅದನ್ನು ಸರಳಗೊಳಿಸಿದನು. 4ರಿಂದ ಆರಂಭಿಸಿ, ಪ್ರತಿ ಹಂತದಲ್ಲಿಯೂ ವರ್ಗ ಮಾಡಿ 2ನ್ನು ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಘಾತಾಂಕವು ಬೆಸ ಅವಿಭಾಜ್ಯವಾಗಿದ್ದು, ಅದಕ್ಕಿಂತ ಎರಡು ಕಡಿಮೆ ಹಂತಗಳಾದ ಮೇಲೆ ಶೇಷವು ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. 31ಕ್ಕೆ ಘಾತಾಂಕ 5. ಆದ್ದರಿಂದ ಮೂರು ಹಂತಗಳು. 4ರಿಂದ 14, ಅದರಿಂದ 194, ಅಂದರೆ ಶೇಷ 8. 8ರಿಂದ 62, ಅಂದರೆ ಶೇಷ ಸೊನ್ನೆ. 31 ಪರೀಕ್ಷೆಯಲ್ಲಿ ಗೆದ್ದಿತು.

ಮೂವತ್ತೊಂಬತ್ತು ಅಂಕಿಗಳ ಆ ಮಹಾಸಂಖ್ಯೆ ಅವಿಭಾಜ್ಯವೆಂದು ಲ್ಯೂಕಾಸ್ 1876ರಲ್ಲಿ ಸಾರಿದನು. 1951ರವರೆಗೆ ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ. ಅದೇ 1876ರಲ್ಲಿ, ಘಾತಾಂಕ 67ರ ಸಂಖ್ಯೆ ಅವಿಭಾಜ್ಯವಲ್ಲವೆಂದೂ ಅವನು ತೋರಿಸಿದನು. ಎರಡು ಶತಮಾನಗಳಿಗೂ ಮಿಗಿಲಾಗಿ ನಿಂತಿದ್ದ ಮರ್ಸೆನ್ನನ ಮಾತು ಒಂದೆಡೆ ನಿಜವಾಯಿತು, ಇನ್ನೊಂದೆಡೆ ಸುಳ್ಳಾಯಿತು. ಆದರೆ ಆ ಸಂಖ್ಯೆಯ ಭಾಜಕಗಳು ಯಾವುವು? ಅದು ಲ್ಯೂಕಾಸನಿಗೂ ತಿಳಿಯದು. 1903ರಲ್ಲಿ ಅಮೆರಿಕದ ಫ್ರ್ಯಾಂಕ್ ಕೋಲ್ ಅವನ್ನು ಹೊರತೆಗೆದನು: 193707721 ಮತ್ತು 761838257287. ಇವನ್ನು ಗುಣಿಸಿ ನೋಡಿದ ಯಾರಿಗೂ ಸಂಶಯ ಉಳಿಯದು.

2024ರಲ್ಲಿ, ಘಾತಾಂಕ 136279841ರಿಂದ ದೊರೆಯುವ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವೊಂದು ಗಣಕಯಂತ್ರಗಳ ನೆರವಿನಿಂದ ಬೆಳಕಿಗೆ ಬಂದಿತು. ಅದನ್ನು ದೃಢಪಡಿಸಿದುದೂ ಲ್ಯೂಕಾಸ್ ಮತ್ತು ಲೆಹ್ಮರರ ಪರೀಕ್ಷೆಯೇ. ಗಣಿತದಲ್ಲಿ ಹೇಳಿದವನ ಹಿರಿಮೆಯಿಂದ ಮಾತು ಸತ್ಯವಾಗುವುದಿಲ್ಲ. ಪರೀಕ್ಷೆಯಲ್ಲಿ ನಿಂತುದು ಮಾತ್ರ ಸತ್ಯವೆನಿಸುತ್ತದೆ.