ಬಸಾಲ್ಟಿನ ಅಡಿಯ ಭೂಖಂಡ: ನಾಸಿಕ್–ಸಂಭಾಜಿನಗರ ಪ್ರವಾಸಿಗರಿಗೆ ಶಿಲಾ ಕೈಪಿಡಿ

ಕಲ್ಲೊಂದು ಕರಗದೆ, ಬರಿಯ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಖನಿಜಗಳನ್ನೂ ರಚನೆಯನ್ನೂ ಬದಲಿಸಿಕೊಂಡರೆ ಅದು ರೂಪಾಂತರಿತ ಶಿಲೆ ಎನಿಸುತ್ತದೆ. ಯಾವ ಖನಿಜಕ್ಕೆ ಎಷ್ಟು ಶಾಖ, ಎಷ್ಟು ಆಳ ಬೇಕೆಂಬುದು ಪ್ರಯೋಗಗಳಿಂದ ತಿಳಿದಿರುವುದರಿಂದ, ಪ್ರಾಚೀನ ಭೂಖಂಡಗಳು ಒಂದನ್ನೊಂದು ಒತ್ತಿ, ಹೂತು, ಮತ್ತೆ ಮೇಲೆದ್ದ ಚರಿತ್ರೆಯನ್ನು ಭೂವಿಜ್ಞಾನಿಗಳು ಇಂಥ ಕಲ್ಲುಗಳಲ್ಲಿ ಓದುತ್ತಾರೆ. ಆದರೆ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಆ ಹಳೆಯ ನೆಲ ಕಣ್ಣಿಗೆ ಬೀಳುವುದಿಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಉಂಟಾದ ಬಸಾಲ್ಟ್ ಅದನ್ನು ಸಂಪೂರ್ಣ ಮುಚ್ಚಿದೆ. ಇಲ್ಲಿ ನೋಡಬೇಕಾದುದು ಆ ಹೊದಿಕೆಯನ್ನು, ಮತ್ತು ಅದರೊಳಗೇ ನಡೆದಿರುವ ರೂಪಾಂತರದ ಮೊದಲ ಹೆಜ್ಜೆಗಳನ್ನು.

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ಪ್ರವಾಸಕ್ಕೆ ಅನುಕೂಲ. ನಾಸಿಕ್‌ನಲ್ಲಿ ಪಾಂಡವಲೇಣಿ ಗುಹೆಗಳನ್ನೂ ತ್ರ್ಯಂಬಕದ ಬ್ರಹ್ಮಗಿರಿಯನ್ನೂ ಕಂಡು, ಶಿರಡಿ ದಾರಿಯ ಸಿನ್ನರ್‌ನಲ್ಲಿರುವ ಗಾರಗೋಟಿ ಖನಿಜ ಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಮೀಸಲಿಡಬೇಕು. ಲಾವಾದೊಳಗಿನ ಅನಿಲಗುಳ್ಳೆಗಳು ಬಿಟ್ಟುಹೋದ ಪೊಟರೆಗಳಲ್ಲಿ ಬಿಸಿನೀರು ಹರಿದು ಬೆಳೆಸಿದ ಸ್ಟಿಲ್‌ಬೈಟ್, ಹ್ಯೂಲಾಂಡೈಟ್ ಮೊದಲಾದ ಜಿಯೋಲೈಟ್ ಹರಳುಗಳು ಅಲ್ಲಿವೆ. ಕಡಿಮೆ ಶಾಖದಲ್ಲಿ ಹುಟ್ಟುವ ಈ ಖನಿಜಗಳು ರೂಪಾಂತರದ ಅತಿ ಕೆಳಗಿನ ಹಂತವನ್ನು ಸೂಚಿಸುತ್ತವೆ.

ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದ ಎಲ್ಲೋರ ಮಂಗಳವಾರವೂ, ಸುಮಾರು 100 ಕಿ.ಮೀ. ದೂರದ ಅಜಂತಾ ಸೋಮವಾರವೂ ಮುಚ್ಚಿರುತ್ತವೆ. ಎಲ್ಲೋರದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಶಿಲ್ಪಿಗಳು ಮೇಲಿನಿಂದ ಕೆಳಕ್ಕೆ ಕಡೆದುದರಿಂದ, ಸುತ್ತಲಿನ ಕಡಿದ ಗೋಡೆಯು ಭೂವಿಜ್ಞಾನಿಗೆ ಬಿಟ್ಟಿಯಾಗಿ ಒದಗಿದ ಶಿಲಾಛೇದವಾಗಿದೆ. ದೇವಾಲಯದ ಆನೆಶಿಲ್ಪಗಳನ್ನಷ್ಟೇ ನೋಡಿ ಹೊರಡುವವರು ಆ ಗೋಡೆಯನ್ನೂ ಗಮನಿಸಬೇಕು. ಹತ್ತಿರ ನಿಂತರೆ ಕಪ್ಪು ಕಲ್ಲಿನಲ್ಲಿ ಬಿಳಿ ಖನಿಜ ತುಂಬಿದ ಗುಳ್ಳೆಗಳು ಕಾಣುತ್ತವೆ. ಈ ಸೀಮೆಯ ಘಾಟಿಗಳಲ್ಲಿ ಎರಡು ಲಾವಾ ಪದರಗಳ ನಡುವೆ ಕೆಮ್ಮಣ್ಣಿನ ಪಟ್ಟಿ ಅಲ್ಲಲ್ಲಿ ಕಾಣುತ್ತದೆ: ಒಂದು ಪದರ ಶಿಥಿಲಗೊಂಡು ಮಣ್ಣಾದ ಮೇಲೆ ಮುಂದಿನ ಲಾವಾ ಅದರ ಮೇಲೆ ಹರಿದು ಅದನ್ನು ಸುಟ್ಟ ಗುರುತು ಅದು. ಸ್ಮಾರಕಗಳಲ್ಲಿ ಕಲ್ಲು ಕೆತ್ತಿ ತೆಗೆಯುವುದು ಅಪರಾಧವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ದಿನವಿದ್ದರೆ ಪೂರ್ವಕ್ಕೆ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರಕ್ಕೆ ಹೋಗಬಹುದು. ಸುಮಾರು 1.8 ಕಿ.ಮೀ. ವ್ಯಾಸದ ಈ ಕುಳಿಯಲ್ಲಿ ಉಲ್ಕೆಯ ಹೊಡೆತಕ್ಕೆ ಬಸಾಲ್ಟಿನ ಖನಿಜಗಳು ಕ್ಷಣಮಾತ್ರದಲ್ಲಿ ಗಾಜಾಗಿವೆ. ಇದೂ ರೂಪಾಂತರವೇ, ಆದರೆ ಭೂಫಲಕಗಳ ಚಲನೆಗೂ ಇದಕ್ಕೂ ಸಂಬಂಧವಿಲ್ಲ.

ಹೊದಿಕೆಯ ಅಡಿಯಲ್ಲೇನಿದೆ ಎಂಬುದಕ್ಕೆ ಉತ್ತರ ಲಾತೂರ್ ಜಿಲ್ಲೆಯಲ್ಲಿ ಸಿಕ್ಕಿತು. 1993ರ ಸೆಪ್ಟೆಂಬರ್ 30ರ ಭೂಕಂಪದ ಬಳಿಕ ಕಿಲ್ಲಾರಿಯಲ್ಲಿ ಆಳವಾದ ರಂಧ್ರ ಕೊರೆದಾಗ, ಸುಮಾರು 338 ಮೀಟರ್ ಕೆಳಗೆ ಬಸಾಲ್ಟ್ ಮುಗಿದು, ಅದರಡಿಯಲ್ಲಿ ನೈಸ್, ಅಂದರೆ ತಿಳಿ ಮತ್ತು ಕಪ್ಪು ಖನಿಜಗಳು ಪಟ್ಟೆಪಟ್ಟೆಯಾಗಿ ಸೇರಿದ ಪುರಾತನ ಶಿಲೆ, ದೊರೆಯಿತು. ಅದೇ ಬಗೆಯ ಕಲ್ಲನ್ನು ಬರಿಗಣ್ಣಿನಿಂದ ನೋಡಲು ಕರ್ನಾಟಕಕ್ಕೆ ರಸ್ತೆಯಲ್ಲೇ ಮರಳುವುದು ಲೇಸು. ಸೊಲ್ಲಾಪುರದಿಂದ ವಿಜಯಪುರದವರೆಗೂ ಬಸಾಲ್ಟೇ ಜೊತೆಗೂಡಿ ಬರುತ್ತದೆ, ಗೋಳಗುಮ್ಮಟವೂ ಅದರದೇ. ಕೃಷ್ಣೆಯನ್ನು ದಾಟಿ ಇಳಕಲ್ಲು, ಕುಷ್ಟಗಿಗಳ ಕಡೆ ಸಾಗಿದಂತೆ ಗ್ರಾನೈಟ್ ಮತ್ತು ನೈಸ್ ಬಯಲಾಗುತ್ತವೆ. ಚಿತ್ರದುರ್ಗದ ಹಸಿರು ಪದರಶಿಲೆಗಳು ಕಡಿಮೆ ಶಾಖ ಕಂಡವು. ದಕ್ಷಿಣದ ಕಬ್ಬಾಳದುರ್ಗದಲ್ಲಿ ನೈಸ್ ಶಿಲೆಯೇ ಅಧಿಕ ಶಾಖಕ್ಕೆ ಚಾರ್ನೊಕೈಟ್ ಎಂಬ ಶಿಲೆಯಾಗಿದೆ. ಆಳ ಹೆಚ್ಚಿದಂತೆ ಶಾಖವೂ ಹೆಚ್ಚುವುದರಿಂದ, ದಕ್ಷಿಣಕ್ಕೆ ಹೋದಷ್ಟೂ ಪ್ರವಾಸಿಗನು ಒಂದು ಕಾಲಕ್ಕೆ ಹೆಚ್ಚು ಆಳದಲ್ಲಿದ್ದ ಭೂಖಂಡದ ಮೇಲೆ ನಡೆಯುತ್ತಾನೆ. ಸಮಯವಿಲ್ಲದವರಿಗೆ ಬೆಂಗಳೂರಿನ ಲಾಲ್‌ಬಾಗ್‌ನ ನೈಸ್ ಬಂಡೆ ಇದೆ, ಸುಮಾರು 300 ಕೋಟಿ ವರ್ಷ ಹಳೆಯದು.