ಪಿಕಪ್ ಗಾಡಿಯ ‘ಕಂಪ್ಯೂಟರ್’ ಮತ್ತು ನಮ್ಮ ಲೆಕ್ಕಶಾಸ್ತ್ರ

ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚದ ಪಾಠ ಬಂದಾಗ ಉದಾಹರಣೆಗೆ ಯಾವಾಗಲೂ ಒಂದು ‘ಯಂತ್ರ’ ಇರುತ್ತದೆ. ಅದು ಯಾವ ಯಂತ್ರ, ಅದಕ್ಕೆ ಏನಾಗಿತ್ತು ಎಂದು ಪುಸ್ತಕ ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬರುವ ನಮ್ಮಲ್ಲಿ ಕೆಲವರ ಮನೆ ನಡೆಯುವುದೇ ಒಂದು ಯಂತ್ರದ ಮೇಲೆ: ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಡೀಸೆಲ್ ಪಿಕಪ್. ಗೋವಿನಜೋಳ, ತರಕಾರಿ, ಸಿಮೆಂಟು, ಮದುವೆ ಸಾಮಾನು ಎಲ್ಲವನ್ನೂ ಅದೇ ಹೊರುತ್ತದೆ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಈ ಸಲ ಪುಸ್ತಕದ ಯಂತ್ರದ ಜಾಗದಲ್ಲಿ ಪಿಕಪ್ಪನ್ನೇ ಇಟ್ಟು ನೋಡೋಣ. ಗ್ಯಾರೇಜಿನಲ್ಲಿ ‘ಕಂಪ್ಯೂಟರ್ ಹೋಗಿದೆ’ ಎಂದಾಗ ನಿಜವಾಗಿ ಏನು ಹೋಗಿರುತ್ತದೆ?

ಮೊದಲಿನ ಡೀಸೆಲ್ ಇಂಜಿನ್ನಿಗೆ ಕಂಪ್ಯೂಟರ್ ಇರಲಿಲ್ಲ. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನ 702 ಸಿಸಿ, ಎರಡು ಸಿಲಿಂಡರಿನ ಇಂಜಿನ್ ಅಂಥದ್ದು. ಎಷ್ಟು ಡೀಸೆಲ್, ಯಾವಾಗ ಎನ್ನುವುದನ್ನು ಪಂಪೇ ತೀರ್ಮಾನಿಸಿ ನಾಝಲ್‌ಗೆ ಕಳಿಸುತ್ತಿತ್ತು. ಆಮೇಲೆ ಬಂದ ಕಾಮನ್ ರೇಲ್ ಇಂಜಿನ್ನಿನಲ್ಲಿ ಕೆಲಸ ಹಂಚಿಹೋಯಿತು. ಪಂಪ್ ಒಂದು ಗಟ್ಟಿ ಕೊಳವೆಯಲ್ಲಿ ಒತ್ತಡ ತುಂಬುತ್ತದೆ, ಅದೇ ರೇಲ್. ಇಂಜೆಕ್ಟರನ್ನು ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ತೆರೆಯಬೇಕು ಎಂದು ಹೇಳುವುದು ಇಸಿಎಮ್ ಎಂಬ ಪೆಟ್ಟಿಗೆ. ಅದಕ್ಕೆ ಕಣ್ಣಿಲ್ಲ. ಕ್ರ್ಯಾಂಕ್ ಸೆನ್ಸರ್, ರೇಲ್ ಒತ್ತಡದ ಸೆನ್ಸರ್, ಎಕ್ಸಲೇಟರ್ ಪೆಡಲ್, ನೀರಿನ ಬಿಸಿ ಹೇಳುವ ಸೆನ್ಸರ್, ಇವು ಕಳಿಸುವ ವೋಲ್ಟ್ ನೋಡಿಯೇ ಅದು ನಿರ್ಧಾರ ಮಾಡುತ್ತದೆ. ಸುದ್ದಿ ತಪ್ಪಾದರೆ ತೀರ್ಮಾನವೂ ತಪ್ಪುತ್ತದೆ. ಸಂಶಯ ಬಂದರೆ ಇಂಜಿನ್ನಿನ ಬಲ ಕಡಿಮೆ ಮಾಡಿ ಮನೆ ಮುಟ್ಟುವಷ್ಟು ಮಾತ್ರ ಓಡಿಸುತ್ತದೆ. ಗಾಡಿ ಏರು ಹತ್ತದೆ ಕುಂಟುವುದು ಹಲವು ಸಲ ಇದೇ ಕಾರಣಕ್ಕೆ.

2017ರ ಏಪ್ರಿಲ್ 1ರಿಂದ ದೇಶದ ಎಲ್ಲ ಕಡೆ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ನಾನು ಇಲ್ಲಿ ‘ಹಳೆಯ ಪಿಕಪ್’ ಎನ್ನುವುದು ಬಿಎಸ್-4 ಕಾಲದ ಕಾಮನ್ ರೇಲ್ ಗಾಡಿಗೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಎರಡು, ಎರಡೂವರೆ ಬಾರ್. ಕಾಮನ್ ರೇಲ್ ಇಂಜಿನ್ ಸುಮ್ಮನೆ ನಿಂತು ಓಡುವಾಗಲೇ ರೇಲ್‌ನಲ್ಲಿ ಸುಮಾರು 250ರಿಂದ 300 ಬಾರ್ ಇರುತ್ತದೆ, ಭಾರ ಎಳೆಯುವಾಗ ಸಾವಿರ ದಾಟುತ್ತದೆ. ಹಳೆಯ ಇಂಜಿನ್ನಿನಲ್ಲಿ ಗಾಳಿ ತೆಗೆಯಲು ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವ ರೂಢಿ ಇತ್ತು. ಇಲ್ಲಿ ಹಾಗೆ ಮಾಡಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಜಿನ್ ಓಡುವಾಗ ಇಂಜೆಕ್ಟರಿನ ವಾಯರನ್ನೂ ಮುಟ್ಟಬಾರದು, ಅಲ್ಲಿ ಹರಿಯುವುದು ಬ್ಯಾಟರಿಯ 12 ವೋಲ್ಟ್ ಅಲ್ಲ, ಅದಕ್ಕಿಂತ ಬಹಳ ಹೆಚ್ಚು.

ಪರೀಕ್ಷೆ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ಇದು ಬಹಳ ಸಾದಾ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ರಾತ್ರಿ ನಿಂತ ಗಾಡಿಯ ಬ್ಯಾಟರಿಯಲ್ಲಿ ಮಲ್ಟಿಮೀಟರ್ 12.6 ವೋಲ್ಟ್‌ನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ ಸರಿ ಇದೆ. ಬ್ಯಾಟರಿ ಸೋತಿದ್ದರೆ ಇಸಿಎಮ್ ಗೊಂದಲಕ್ಕೆ ಬಿದ್ದು ಸರಿ ಇರುವ ಸೆನ್ಸರಿನ ಮೇಲೂ ದೂರು ಬರೆದಿಡುತ್ತದೆ.

ಆಮೇಲೆ ಅರ್ಥಿಂಗ್. (ನಮ್ಮ ಮನೆಮಾತು ಉರ್ದು, ಪಕ್ಕದ ಮನೆಯವರದು ಕನ್ನಡ, ಗ್ಯಾರೇಜಿಗೆ ಹೋದರೆ ಇಬ್ಬರಿಗೂ ಅದು ಅರ್ಥಿಂಗೇ.) ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲಾಗಿದೆ. ಲೆಕ್ಕ ಸುಲಭ. ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಅರ್ಥಿಂಗ್‌ನಲ್ಲಿ 0.01 ಓಮ್ ತಡೆ ಇದ್ದರೂ 200 × 0.01 ಅಂದರೆ 2 ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. ಹತ್ತನೇ ತರಗತಿಯ ಓಮ್‌ನ ನಿಯಮ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಕಾಮರ್ಸಿಗೆ ಬಂದ ಮೇಲೆ ತಿಳಿಯಿತು!

ಇನ್ನು ಸ್ಕ್ಯಾನರ್. ಅದು ತೋರಿಸುವ ಕೋಡನ್ನು ಅಂಗಡಿಗೆ ಬರೆದುಕೊಟ್ಟ ಚೀಟಿ ಎಂದು ತಿಳಿಯುವುದೇ ದೊಡ್ಡ ನಷ್ಟದ ಮೂಲ. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ‘ಸರ್ಕ್ಯೂಟ್’ನಲ್ಲಿ ದೋಷ. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ಕಪ್ಲರ್, ಮಧ್ಯದ ವಾಯರ್, ಎಲ್ಲ ಸೇರಿ. ಪಿ 0087 ಎಂದರೆ ರೇಲ್ ಒತ್ತಡ ಕಡಿಮೆ. ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಸೋರುವ ಇಂಜೆಕ್ಟರ್, ದುರ್ಬಲವಾದ ಪಂಪ್, ಯಾವುದರಿಂದಲೂ ಅದೇ ಕೋಡ್ ಬರಬಹುದು. ಫಿಲ್ಟರಿಗೆ ನೂರುಗಳಲ್ಲಿ ಖರ್ಚು, ಪಂಪಿಗೆ ಸಾವಿರಗಳಲ್ಲಿ. ಮೊದಲು ಯಾವುದನ್ನು ನೋಡಬೇಕು ಎಂದು ಬೇರೆ ಹೇಳಬೇಕಿಲ್ಲ. ಬ್ಯಾಟರಿ ಕಳಚುವ ಮೊದಲೇ ಕೋಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಕೆಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದರೆ ಅವು ಅಳಿಸಿಹೋಗುತ್ತವೆ.

ನಮ್ಮ ಮನೆಯ ಗಾಡಿಗೆ ಕಳೆದ ಬೇಸಿಗೆಯಲ್ಲಿ ಒಂದೇ ಸಲ ಮೂರು ಕೋಡ್ ಬಂದವು: ಪೆಡಲ್, ರೇಲ್ ಒತ್ತಡ, ಗಾಳಿಯ ಒತ್ತಡ. ಒಂದು ಕಡೆ ‘ಮೂರೂ ಒಟ್ಟಿಗೆ ಕೆಡುವುದಿಲ್ಲ, ಆದ್ದರಿಂದ ಇಸಿಎಮ್ಮೇ ಹೋಗಿದೆ’ ಎಂದರು. ಮಾತಿನ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಅವಸರದ್ದು. ಅಬ್ಬಾ ಒಡವೆ ಇಟ್ಟು ಹಣ ತರುವ ಮಾತು ಆಡಿದ್ದರು. ಮೂಡಲಗಿಯಲ್ಲಿ ಗ್ಯಾರೇಜ್ ಇಟ್ಟಿರುವ ಮಾಮು ಬಂದು ‘ಎರಡು ತಾಸು ತಡೀರಿ’ ಎಂದು ಕೂತರು.

ಮಾಮು ಅವತ್ತು ತೋರಿಸಿದ್ದು ಇದು. ಇಂಥ ಸೆನ್ಸರಿಗೆ ಮೂರು ವಾಯರ್: ಇಸಿಎಮ್ ಕೊಡುವ 5 ವೋಲ್ಟ್, ಅರ್ಥಿಂಗ್, ಮತ್ತು ಸುದ್ದಿ ಒಯ್ಯುವ ವಾಯರ್. ಹಲವು ಗಾಡಿಗಳಲ್ಲಿ ಎರಡು ಮೂರು ಸೆನ್ಸರಿಗೆ ಒಂದೇ 5 ವೋಲ್ಟ್ ಹಂಚಿಕೆಯಾಗಿರುತ್ತದೆ. ಒಂದೇ ನಳದ ಪೈಪಿನಿಂದ ಮೂರು ಮನೆಗೆ ನೀರು ಹೋದಂತೆ. ಒಂದು ಮನೆಯ ಮುಂದೆ ಪೈಪ್ ಒಡೆದರೆ ಮೂರು ಮನೆಗೂ ನೀರಿಲ್ಲ. ಅವರು ಕೀ ಆನ್ ಮಾಡಿಸಿ, ಇಂಜಿನ್ ಚಾಲೂ ಮಾಡದೆ, ಪೆಡಲಿನ ಕಪ್ಲರ್ ತೆಗೆದು ಅಳೆದರು. 5 ವೋಲ್ಟ್ ಇರಬೇಕಾದಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಮೀಟರನ್ನು ಅಲ್ಲೇ ಹಿಡಿದುಕೊಳ್ಳಲು ನನಗೆ ಹೇಳಿ, ಉಳಿದ ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚಿದರು. ಯಾವುದನ್ನು ತೆಗೆದರೂ 5 ವೋಲ್ಟ್ ಮರಳಲಿಲ್ಲ. ಅಂದರೆ ಸೆನ್ಸರುಗಳ ತಪ್ಪಲ್ಲ. ಕೊನೆಗೆ ಇಸಿಎಮ್ ಕಪ್ಲರ್ ಕಳಚಿ, 5 ವೋಲ್ಟಿನ ವಾಯರಿಗೂ ಬಾಡಿಗೂ ನಡುವೆ ಮೀಟರ್ ಇಟ್ಟರೆ ಬೀಪ್ ಸದ್ದು. ಪೆಟ್ಟಿಗೆ ಬಿಚ್ಚಿಟ್ಟ ಮೇಲೂ ವಾಯರ್ ಬಾಡಿಗೆ ತಾಗಿದೆ ಎಂದರೆ ದೋಷ ವಾಯರಿನಲ್ಲೇ. ಇಂಜಿನ್ನಿನ ಹಿಂದೆ ಒಂದು ಬ್ರ್ಯಾಕೆಟ್ಟಿನ ಕೆಳಗೆ ಇಲಿ ಕಡಿದಿತ್ತು, ತಾಮ್ರ ಕಬ್ಬಿಣಕ್ಕೆ ಒರಗಿ ನಿಂತಿತ್ತು. ಕಬ್ಬಿನ ಹೊಲದ ಬದಿಗೆ ಗಾಡಿ ನಿಲ್ಲಿಸುವವರಿಗೆ ಇದು ಹೊಸ ಸುದ್ದಿಯಲ್ಲ.

ಇಂಥ ಅಳತೆಗೆ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಬೇಡ. ಅದು ಎಳೆಯುವ ಕರೆಂಟಿಗೆ ಇಸಿಎಮ್ ಒಳಗಿನ ಸೂಕ್ಷ್ಮ ಭಾಗ ಕೆಡಬಹುದು. ಮೀಟರೇ ಬೇಕು.

ಹಾಗಾದರೆ ಇಸಿಎಮ್ ಕೆಡುವುದೇ ಇಲ್ಲವೇ? ಕೆಡುತ್ತದೆ, ಮತ್ತು ಹಲವು ಸಲ ನಾವೇ ಕೆಡಿಸುತ್ತೇವೆ. ಬ್ಯಾಟರಿ ಇಳಿದಾಗ ಲಾರಿಯ 24 ವೋಲ್ಟಿನಿಂದ ಜಂಪ್ ಕೊಡುವುದು ಒಂದು. ಡಾಲಾಕ್ಕೆ ಆಂಗಲ್ ಕೂಡಿಸಲು, ಬ್ಯಾಟರಿಯನ್ನೂ ಇಸಿಎಮ್ ಕಪ್ಲರನ್ನೂ ಕಳಚದೆ ವೆಲ್ಡಿಂಗ್ ಮಾಡಿಸುವುದು ಇನ್ನೊಂದು. ಮೂರನೆಯದು ನೀರು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಗೋಕಾಕ ಪೇಟೆಯೊಳಗೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ನೀರಿನಲ್ಲಿ ನಿಂತ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗೆ ಹೊಸದರಂತೆ ಕಾಣುತ್ತದೆ, ಆದರೆ ಕಪ್ಲರಿನ ಪಿನ್ನುಗಳು ವರ್ಷಗಟ್ಟಲೆ ಒಳಗೊಳಗೇ ಹಸಿರುಗಟ್ಟುತ್ತಾ ಹೋಗುತ್ತವೆ. ನೆರೆ ಬರುವ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಬಣ್ಣ ಬಿಟ್ಟು ಸೀಟಿನ ಕೆಳಗಿನ ಕೆಸರು, ಕಪ್ಲರಿನ ಹಸಿರು ನೋಡಬೇಕು.

ಈಗ ಖಾತೆಗೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾನು ಹಿಡಿದವು. ಊಹೆಯ ಮೇಲೆ ಇಸಿಎಮ್ ಬದಲಿಸಿದರೆ 35,000 ರೂಪಾಯಿ, ಗಾಡಿ 6 ದಿನ ನಿಂತರೆ ದಿನಕ್ಕೆ 1,500ರಂತೆ 9,000, ಒಟ್ಟು 44,000. ಇಲಿ ಕಡಿದ ವಾಯರ್ ಮಾತ್ರ ಹಾಗೇ ಇರುತ್ತದೆ! ಅಳೆದು ನೋಡಿದರೆ ಮೀಟರಿಗೆ 600, ವಾಯರ್ ಮತ್ತು ಟೇಪಿಗೆ 200, ಕೂಲಿ 800, ಒಂದು ದಿನದ ದುಡಿಮೆ 1,500, ಒಟ್ಟು 3,100. ಇದರಲ್ಲಿ ನಿಂತ ದಿನಗಳ ಹಣ ಯಾವ ಖಾತೆಪುಸ್ತಕದಲ್ಲೂ ಕಾಣುವುದಿಲ್ಲ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಅವಕಾಶ ವೆಚ್ಚ ಎಂಬ ಹೆಸರಿದೆ, ಮನೆಯಲ್ಲಿ ಅಮ್ಮಿ ಅದನ್ನು ಕಿರಾಣಿ ಅಂಗಡಿಯ ಬಾಕಿಯಲ್ಲಿ ಕಾಣುತ್ತಾರೆ.

ರಿಪೇರಿ ಆಸ್ತಿಯನ್ನು ಮೊದಲಿದ್ದ ಸ್ಥಿತಿಗೆ ತಂದರೆ ಅದು ರಾಜಸ್ವ ವೆಚ್ಚ, ಆ ವರ್ಷದ ಲಾಭದಿಂದಲೇ ಕಳೆಯಬೇಕು. ಆದರೆ ಹಳೆಯ ಗಾಡಿ ಕೊಂಡು, ಮೊದಲ ಬಾಡಿಗೆಗೆ ಹೋಗುವ ಮೊದಲೇ ಅದನ್ನು ಓಡುವಂತೆ ಮಾಡಲು ಹಾಕಿದ ಹಣ ಬಂಡವಾಳ ವೆಚ್ಚ. 3,20,000ಕ್ಕೆ ಗಾಡಿ ಕೊಂಡು, ಮೊದಲೇ 18,000 ಹಾಕಿ ವಾಯರಿಂಗ್ ಸರಿಪಡಿಸಿದರೆ ಗಾಡಿಯ ವೆಚ್ಚ 3,38,000. ಐದು ವರ್ಷದ ನಂತರ ಗುಜರಿ ಬೆಲೆ 88,000 ಎಂದಾದರೆ ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 50,000 ಸವಕಳಿ. ಅದೇ 18,000 ಅನ್ನು ಆರು ತಿಂಗಳು ಓಡಿಸಿದ ಮೇಲೆ ಹಾಕಿದ್ದರೆ ಒಂದೇ ವರ್ಷದ ಮೇಲೆ ಬೀಳುತ್ತದೆ.

ಉಳಿದದ್ದು ‘ಅಪ್‌ಗ್ರೇಡ್’. ಪಿಕಪ್ ಹೆಚ್ಚಿಸುವ ಸಣ್ಣ ಪೆಟ್ಟಿಗೆ ಮಾರುವವರಿದ್ದಾರೆ. ಅಂಥ ಹಲವು ಪೆಟ್ಟಿಗೆಗಳ ಗುಟ್ಟು ಸುಳ್ಳು ಸುದ್ದಿ: ರೇಲ್ ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ಇಸಿಎಮ್‌ಗೆ ತಿಳಿಸುತ್ತವೆ, ಅದು ನಂಬಿ ಒತ್ತಡ ಏರಿಸುತ್ತದೆ. ಬಲ ಬರುತ್ತದೆ ನಿಜ. ಜೊತೆಗೆ ಕಪ್ಪು ಹೊಗೆ, ಹೆಚ್ಚು ಬಿಸಿ, ಪಂಪಿನ ಮೇಲೂ ಕ್ಲಚ್ ಮೇಲೂ ಭಾರ. ಹೊಗೆ ತಪಾಸಣೆಯಲ್ಲಿ ಗಾಡಿ ಉಳಿಯುವುದು ಕಷ್ಟ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದನ್ನು ಬಂಡವಾಳ ವೆಚ್ಚವೆಂದು ಬರೆಯಬಹುದೇ ಎಂದು ನಮ್ಮ ಬೆಂಚಿನಲ್ಲಿ ವಾದ ನಡೆದಿತ್ತು. ಆಸ್ತಿಯ ಆಯಸ್ಸು ಕಡಿಮೆ ಮಾಡುವುದನ್ನು ಬಂಡವಾಳ ಎನ್ನಲು ನಾನಂತೂ ಒಪ್ಪಲಿಲ್ಲ.

ಮಾಮು ನಮ್ಮ ಗಾಡಿಗೆ ಮಾಡಿದ ಅಪ್‌ಗ್ರೇಡ್ ಬೇರೆ ತರಹದ್ದು. ಇಂಜಿನ್ನಿನಿಂದ ಚಾಸಿಗೆ ಇನ್ನೊಂದು ದಪ್ಪ ಅರ್ಥಿಂಗ್ ಪಟ್ಟಿ. ವಾಯರುಗಳಿಗೆ ಸುರುಳಿ ಕೊಳವೆ ಹಾಕಿ, ಬಿಸಿ ಭಾಗದಿಂದ ದೂರ ಕಟ್ಟಿದ ಕಟ್ಟು. ಕಪ್ಪಾಗಿದ್ದ ಎರಡು ರಿಲೇ ಬದಲು. ಕಪ್ಲರಿನ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಒಣಗಿಸಿದ್ದು. ವಾಟರ್ ಸರ್ವಿಸಿಂಗ್‌ನಲ್ಲಿ ಇಂಜಿನ್ ಮೇಲೆ ಜೋರು ನೀರು ಹೊಡೆಸಬೇಡಿ ಎಂದು ಅಬ್ಬಾಗೆ ಹೇಳಿದರು. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸುವ ಕೆಲಸ ಈಗ ನನ್ನದು, ಪ್ರತಿ ಶುಕ್ರವಾರ ಬೆಳಿಗ್ಗೆ, ಇಂಜಿನ್ ಚಾಲೂ ಮಾಡುವ ಮೊದಲು.