ಪಕ್ಕದ ಜಾಗ ಖಾಲಿ ಇದ್ದರೆ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ ಇರುವುದು ಯಾರಿಗೂ ವಿಶೇಷವಲ್ಲ. ಅಕ್ಕನಿಗಿದೆ, ಅಣ್ಣನಿಗಿದೆ, ಎದುರು ಮನೆಯವರಿಗೂ ಇದೆ. ಅದೇ ಮಗು ಏಳನೇ ತರಗತಿ ಮುಗಿಸಿ ಪೇಟೆಯ ಹೈಸ್ಕೂಲಿಗೆ ಸೇರಿದಾಗ ಅದು ವಿಶೇಷವಾಗಿಬಿಡುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಅಂತ ಈ ಸುತ್ತಿನ ತಾಲ್ಲೂಕುಗಳಲ್ಲೇ ವರ್ಗವಾಗುತ್ತಾ ಕನ್ನಡ ಪಾಠ ಮಾಡಿಕೊಂಡು ಬಂದವಳು ನಾನು. ಎಂಟನೇ ತರಗತಿಯ ಮೊದಲ ತಿಂಗಳೆಂದರೆ ಅಡ್ಡಹೆಸರುಗಳು ಹುಟ್ಟುವ ತಿಂಗಳು ಅನ್ನುವುದನ್ನು ಎಲ್ಲ ಕಡೆಯೂ ನೋಡಿದ್ದೇನೆ. ರೇಷ್ಮೆ ನೂಲು ಬಿಚ್ಚುವ ಮನೆಯ ಹುಡುಗನ ಅಂಗಿಗೆ ಬೇಯಿಸಿದ ಗೂಡಿನ ವಾಸನೆ ಹತ್ತಿರುತ್ತದೆ, ಅವನಿಗೊಂದು ಹೆಸರು. ಮನೆಯಲ್ಲಿ ತೆಲುಗು ಆಡುವವಳ ಕನ್ನಡಕ್ಕೆ ತೆಲುಗಿನ ರಾಗವಿರುತ್ತದೆ, ಅವಳಿಗೊಂದು ಹೆಸರು.

ಒಂದು ವರ್ಷ ಹೀಗೆ ಹಲ್ಲಿನಲ್ಲಿ ಪಟ್ಟೆಯಿದ್ದ ಹುಡುಗಿಯೊಬ್ಬಳಿಗೆ ಕೊಟ್ಟ ಹೆಸರು ‘ಗುಟ್ಕಾ’.

ನಗು ಬಂದರೆ ಅವಳ ಕೈ ತಾನಾಗಿ ವೇಲ್ ಎಳೆದು ಬಾಯಿಗೆ ಇಟ್ಟುಕೊಳ್ಳುತ್ತಿತ್ತು. ಗಟ್ಟಿಯಾಗಿ ಓದಲು ನಿಲ್ಲಿಸಿದರೆ ಮೇಲ್ದುಟಿಯನ್ನು ಹಲ್ಲಿನ ಮೇಲೆ ಎಳೆದು ಹಿಡಿದುಕೊಂಡೇ ಓದುತ್ತಿದ್ದಳು. ಹಾಗೆ ಓದಿದಾಗ ಸಕಾರ ಶಕಾರಗಳೆಲ್ಲ ತುಟಿಯ ಒಳಗೇ ಉಳಿದುಹೋಗುತ್ತವೆ. ಬರವಣಿಗೆಯಲ್ಲಿ ಒಂದು ಕಾಗುಣಿತವೂ ತಪ್ಪದ ಮಗು, ಓದುವ ಸರದಿ ಬಂತೆಂದರೆ ಬೆಂಚಿನ ಕೆಳಗೆ ಬಿದ್ದ ಪೆನ್ಸಿಲ್ ಹುಡುಕಲು ಬಗ್ಗುತ್ತಿತ್ತು.

ಈ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ನಮ್ಮ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಆಳದ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಕುಡಿಯುವ ನೀರಿನ ಕಟ್ಟಕಡೆಯ ಮಿತಿ. ಕಾಯಂ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುತ್ತಾ ಬಂದರೆ ಹಲ್ಲು ಹುಟ್ಟುವಾಗಲೇ ಕಲೆ ಹೊತ್ತು ಬರುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಚಿಕ್ಕಂದಿನಿಂದ ಫಿಲ್ಟರ್ ನೀರಿನ ಕ್ಯಾನ್ ಕೊಂಡು ಕುಡಿದವರ ಹಲ್ಲು ಬೆಳ್ಳಗಿದೆ, ಬೋರ್ ನೀರು ಕುಡಿದವರದ್ದು ಇಲ್ಲ. ನಮ್ಮ ತರಗತಿಯಲ್ಲಿ ಗೇಲಿಗೆ ವಸ್ತುವಾಗಿದ್ದು ನಿಜಕ್ಕೂ ಯಾರ ಮನೆಯಲ್ಲಿ ನೀರಿಗೆ ದುಡ್ಡಿತ್ತು ಅನ್ನುವುದು.

ಆ ವರ್ಷ ಒಂದು ಶನಿವಾರ ಶಾಲೆಯ ಪ್ರೊಜೆಕ್ಟರಿನಲ್ಲಿ ‘ವಂಡರ್’ ಸಿನಿಮಾ ಹಾಕಿದೆ. ಆರ್. ಜೆ. ಪಲಾಸಿಯೊ ಬರೆದ, 2012ರಲ್ಲಿ ಬಂದ ಕಾದಂಬರಿಯನ್ನು ಸ್ಟೀಫನ್ ಚಬಾಸ್ಕಿ 2017ರಲ್ಲಿ ಸಿನಿಮಾ ಮಾಡಿದರು. ಆಗಿ ಪುಲ್‌ಮನ್ ಅನ್ನುವ ಹುಡುಗನ ಮುಖದ ಮೂಳೆಗಳು ಹುಟ್ಟಿನಿಂದಲೇ ಸರಿಯಾಗಿ ರೂಪುಗೊಂಡಿಲ್ಲ. 27 ಶಸ್ತ್ರಚಿಕಿತ್ಸೆ ಆಗಿವೆ. ಮನೆಯಲ್ಲೇ ಅಮ್ಮನ ಹತ್ತಿರ ಕಲಿತವನು ಐದನೇ ತರಗತಿಗೆ ಮೊದಲ ಸಲ ಶಾಲೆಗೆ ಹೋಗುತ್ತಾನೆ. ಹೊರಗೆ ಹೋಗುವಾಗ ಗಗನಯಾತ್ರಿಯ ಹೆಲ್ಮೆಟ್ ಹಾಕಿಕೊಳ್ಳುವ ಹುಡುಗ ಅವನು. ಇಂಗ್ಲಿಷ್ ಸಿನಿಮಾ; ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ, ಅದೂ ಸಾಲದಿದ್ದರೆ ತೆಲುಗಿನಲ್ಲಿ. ಹೆಲ್ಮೆಟ್ ಯಾಕೆ ಅನ್ನುವುದನ್ನು ಮಾತ್ರ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

‘ತಾರೆ ಜಮೀನ್ ಪರ್’ ತೋರಿಸಬಹುದಿತ್ತಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. 2007ರ ಆ ಸಿನಿಮಾ ನನಗೂ ಬಹಳ ಪ್ರೀತಿಯದು. ಆದರೆ ಅಲ್ಲಿ ಇಶಾನನನ್ನು ಎತ್ತಿ ನಿಲ್ಲಿಸುವವರು ನಿಕುಂಭ್ ಮೇಷ್ಟ್ರು. ಅದನ್ನು ಶಿಕ್ಷಕರು ನೋಡಬೇಕು. ಮಕ್ಕಳು ನೋಡಿದರೆ ಅಂಥ ಮೇಷ್ಟ್ರು ಬರಲಿ ಅಂತ ಕಾಯುತ್ತಾರೆ. ‘ವಂಡರ್’ನಲ್ಲಿ ಊಟದ ಮನೆಯಲ್ಲಿ ಒಬ್ಬನೇ ಕೂತ ಆಗಿಯ ಎದುರಿಗೆ ಸಮ್ಮರ್ ಎಂಬ ಹುಡುಗಿ ತನ್ನ ತಟ್ಟೆ ತಂದು ಕೂರುತ್ತಾಳೆ. ಅಷ್ಟನ್ನು ಮಾಡಲು ಯಾವ ಮೇಷ್ಟ್ರೂ ಬೇಕಾಗಿಲ್ಲ.

ಕಾಡಿಸುವ ಹುಡುಗ ಜೂಲಿಯನ್‌ನನ್ನು ನೋಡಿ ನಮ್ಮ ಮಕ್ಕಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬಂತು, ಆದರೆ ಬೇಗ ಇಳಿಯಿತು. ಅವರನ್ನು ಅಲುಗಾಡಿಸಿದ್ದು ಜ್ಯಾಕ್. ಆಗಿಯ ಗೆಳೆಯನಾಗಿದ್ದವನು ಅವನು. ಹ್ಯಾಲೋವೀನ್ ದಿನ ಮುಖವಾಡ ಹಾಕಿಕೊಂಡು ಹತ್ತಿರವೇ ನಿಂತ ಆಗಿಯನ್ನು ಗುರುತಿಸದೆ, ಜೂಲಿಯನ್‌ನ ಗುಂಪಿನೊಂದಿಗೆ ಸೇರಿ ಅವನ ಮುಖದ ಬಗ್ಗೆಯೇ ಹೀನಾಯವಾಗಿ ಮಾತಾಡುತ್ತಾನೆ. ಅಲ್ಲಿ ಸಿನಿಮಾ ನಿಲ್ಲಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಅವನು ಕೆಟ್ಟೋನಲ್ಲ ಮಿಸ್, ಅವರ ಜೊತೆ ಇದ್ದಾಗ ಹಂಗಂದ” ಎಂದ. ಯಾರೂ ಎದುರು ಮಾತಾಡಲಿಲ್ಲ. ತರಗತಿಯಲ್ಲಿ ಕಾಡಿಸುವವರು ಇಬ್ಬರೋ ಮೂವರೋ ಇರುತ್ತಾರೆ. ಅವರ ಮಾತಿಗೆ ಬೆಲೆ ಕಟ್ಟುವುದು ಸುತ್ತ ನಿಂತು ನಗುವವರು. ಅಡ್ಡಹೆಸರು ಯಾರು ಇಟ್ಟರು ಅಂತ ತನಿಖೆ ಮಾಡುತ್ತಾ ಕೂತರೆ ಈ ನಗುವವರು ಲೆಕ್ಕಕ್ಕೇ ಸಿಗುವುದಿಲ್ಲ.

ಪಲಾಸಿಯೊ ಈ ಕಥೆ ಬರೆಯಲು ಕಾರಣವಾದ ಘಟನೆಯನ್ನೂ ಮಕ್ಕಳಿಗೆ ಹೇಳಿದೆ. ಐಸ್‌ಕ್ರೀಂ ಅಂಗಡಿಯ ಮುಂದೆ ಮುಖದ ರೂಪ ಬೇರೆಯಾಗಿದ್ದ ಒಬ್ಬ ಹುಡುಗಿಯನ್ನು ಕಂಡು ಆಕೆಯ ಪುಟ್ಟ ಮಗ ಅತ್ತನಂತೆ. ಆಕೆ ಗಡಿಬಿಡಿಯಲ್ಲಿ ಮಕ್ಕಳನ್ನು ಎಳೆದುಕೊಂಡು ಅಲ್ಲಿಂದ ಹೊರಟುಬಿಟ್ಟರು. ಹಾಗೆ ಹೊರಟಿದ್ದು ಮನಸ್ಸನ್ನು ಕೊರೆಯಿತು, ಬರೆಯಲು ಕೂತರು. ಪುಸ್ತಕ ಹುಟ್ಟಿದ್ದು ಪಕ್ಕದಲ್ಲಿ ನಿಂತವರ ಸಂಕಟದಿಂದ.

ಸಿನಿಮಾ ಮುಗಿದ ಮೇಲೆ ನಮ್ಮಲ್ಲಿ ಆಗಿ ಯಾರು ಅಂತ ನಾನು ಕೇಳಲಿಲ್ಲ. ಕೇಳಲೂಬಾರದು. ನೊಂದ ಮಗುವನ್ನು ಎದ್ದು ನಿಲ್ಲಿಸಿ ಕರುಣೆ ತೋರಿಸಿ ಅಂದರೆ ಅದೂ ಇನ್ನೊಂದು ಬಗೆಯ ಹಂಗಿಸುವಿಕೆಯೇ. ಹೆಸರು ಬರೆಯದೆ ಚೀಟಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ ಅಂದೆ: ನೀನು ಎಂದಾದರೂ ಜ್ಯಾಕ್ ಆಗಿದ್ದೆಯಾ? ಕನ್ನಡ ಲಿಪಿಯಲ್ಲಿ ತೆಲುಗು ಬರೆದ ಒಂದು ಚೀಟಿ ಇನ್ನೂ ನನ್ನ ಹತ್ತಿರವಿದೆ. “ನಾಕು ನವ್ವು ರಾಲೇದು, ಅಯಿನಾ ನವ್ವಿನಾನು.” ನನಗೆ ನಗು ಬರಲಿಲ್ಲ, ಆದರೂ ನಕ್ಕೆ. ಆ ಮಗುವಿಗೆ ಬುದ್ಧಿ ಹೇಳುವುದೇನೂ ಬೇಕಿರಲಿಲ್ಲ. ನಗದೆ ಇರಲು ಒಬ್ಬರ ಜೊತೆ ಬೇಕಿತ್ತು, ಅಷ್ಟೆ. ಆ ಚೀಟಿಗಳನ್ನು ಓದಿದ ಮೇಲೆ ಮಕ್ಕಳು ಕೂರುವ ಬೆಂಚು ಬದಲಿಸಿದೆ; ಗುಂಪಿನಲ್ಲಿ ನಗುತ್ತಾ, ಒಬ್ಬರೇ ಇದ್ದಾಗ ಮೆತ್ತಗೆ ಮಾತಾಡುವವರನ್ನು ಆರಿಸಿ ರೇಗಿಸಿಕೊಳ್ಳುವ ಮಕ್ಕಳ ಪಕ್ಕದ ಖಾಲಿ ಜಾಗಗಳಲ್ಲಿ ಕೂರಿಸಿದೆ.

ಒಂದು ದೃಶ್ಯದಲ್ಲಿ ಮಾತ್ರ ನನಗೆ ಗಂಟಲು ಕಟ್ಟಿತು. ಆಗಿಯನ್ನು ಮುಟ್ಟಿದರೆ ಪ್ಲೇಗ್ ಅಂಟುತ್ತದೆ ಅಂತ ಮಕ್ಕಳು ಆಡಿಕೊಳ್ಳುವಲ್ಲಿ. ನ್ಯೂಯಾರ್ಕಿನ ಮಕ್ಕಳಿಗೆ ಅದು ಕ್ರೂರವಾದ ಆಟ. ನಮ್ಮ ತರಗತಿಯಲ್ಲಿ ಕೂತ ಕೆಲವರಿಗೆ ಮುಟ್ಟಬಾರದು ಅನ್ನುವುದು ಮನೆಯಿಂದಲೇ ಬಂದ ಪಾಠ. ಇನ್ನು ಕೆಲವರಿಗೆ ಅದು ಮೈಮೇಲೆ ಬಿದ್ದ ಅನುಭವ. ಅದನ್ನು ರೇಗಿಸುವಿಕೆಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಅದರ ವಿರುದ್ಧ ಕಾನೂನಿದೆ, ಅದನ್ನು ಅಸ್ಪೃಶ್ಯತೆ ಅನ್ನುವ ಅದರ ಹೆಸರಿನಲ್ಲೇ ಕರೆಯಬೇಕು. ಮುಂದಿನ ತಿಂಗಳು ‘ಕೊಟ್ರೇಶಿ ಕನಸು’ ಹಾಕಿದೆ. ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ತೆರೆಗೆ ತಂದ ಸಿನಿಮಾ ಅದು. ಓದಬೇಕೆನ್ನುವ ದಲಿತ ಹುಡುಗನ ಪಾತ್ರ ಮಾಡಿದ ವಿಜಯ ರಾಘವೇಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಚರ್ಚೆ ಬೇರೆಯದೇ ಆಯಿತು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

‘ಗುಟ್ಕಾ’ ಹೆಸರಿನ ಬುಡ ಅಲುಗಿದ್ದು ಸಿನಿಮಾ ಒಂದರಿಂದಲೇ ಅಲ್ಲ. ವಿಜ್ಞಾನದ ಮೇಷ್ಟ್ರು ಪಂಚಾಯಿತಿಯಿಂದ ನೀರು ಪರೀಕ್ಷಿಸುವ ಕಿಟ್ ತಂದರು. ಮಕ್ಕಳೆಲ್ಲ ತಮ್ಮ ತಮ್ಮ ಊರಿನ ನೀರನ್ನು ಬಾಟಲಿಯಲ್ಲಿ ತಂದರು. ಔಷಧಿಯ ಹನಿ ಬಿಟ್ಟಾಗ ಕೆಲವು ಊರಿನ ನೀರು ಗುಲಾಬಿ ಬಣ್ಣದಲ್ಲೇ ಉಳಿಯಿತು, ಕೆಲವು ಹಳದಿಗೆ ತಿರುಗಿದವು. ಹಳದಿಯಾದಷ್ಟೂ ಫ್ಲೋರೈಡ್ ಹೆಚ್ಚು. ಯಾರ ಹಲ್ಲಿನ ಮಾತೂ ಅಲ್ಲಿ ಬರಲಿಲ್ಲ. ಆ ಹುಡುಗಿ ತನ್ನ ಊರಿನ ಬಾಟಲಿಯ ಬಣ್ಣವನ್ನು ಚಾರ್ಟಿನ ಜೊತೆ ಹೋಲಿಸಿ ಅಂಕಿಯನ್ನು ಬೋರ್ಡಿನ ಮೇಲೆ ತಾನೇ ಬರೆದಳು. ಮಾತು ಹಲ್ಲಿನಿಂದ ಕೊಳವೆಬಾವಿಗೆ ಹೋಯಿತು. ಅಲ್ಲಿಂದ ಊರಿನ ಶುದ್ಧ ನೀರಿನ ಘಟಕ ಯಾಕೆ ಕೆಟ್ಟು ನಿಂತಿದೆ ಅನ್ನುವುದಕ್ಕೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ರೇಗಿಸುತ್ತಿದ್ದವರಲ್ಲಿ ಒಬ್ಬ ಬೇರೆ ಮಗುವಿಗೆ ಬೇರೆ ಹೆಸರು ಹುಡುಕಿದ. ಅವನ ಮನೆಯ ಕಷ್ಟಗಳನ್ನು ಕೇಳಿಸಿಕೊಳ್ಳುವ ಕೆಲಸ ಇನ್ನೂ ನಡೆದೇ ಇದೆ. ಆದರೆ ಆ ಹೊಸ ಹೆಸರಿಗೆ ನಗುವವರು ಮೊದಲಿನಷ್ಟು ಸಿಗಲಿಲ್ಲ.

ಸಿನಿಮಾದ ಕೊನೆಯ ಬಗ್ಗೆ ನನಗೊಂದು ತಕರಾರಿದೆ. ಆಗಿಗೆ ಪದಕ ಸಿಗುತ್ತದೆ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ನಮ್ಮ ಮಕ್ಕಳೂ ತಟ್ಟಿದರು. ಆದರೆ ಒಬ್ಬಳು ಕೇಳಿದಳು, “ಮಿಸ್, ಅವನಿಗೆ ಮೆಡಲ್ ಬರದೇ ಇದ್ದಿದ್ರೆ?” ನೊಂದ ಮಕ್ಕಳಿಗೆ ನಾವು ಯಾವಾಗಲೂ ಹೇಳುವುದು ಇದನ್ನೇ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನೋಡು, ಗೌರಿಬಿದನೂರಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದು ಹೋದ ಎಚ್. ನರಸಿಂಹಯ್ಯನವರನ್ನು ನೋಡು, ನೀನೂ ದೊಡ್ಡವಳಾಗು, ಆಗ ಇವರ ಬಾಯಿ ಮುಚ್ಚುತ್ತದೆ. ಅವರಿಬ್ಬರೂ ನಮ್ಮ ಜಿಲ್ಲೆಯ ಹೆಮ್ಮೆ, ಅವರ ಕಥೆ ಹೇಳಲೇಬೇಕು. ಹದಿಮೂರು ವರ್ಷದ ಮಗುವಿನ ನೋವಿಗೆ ಮದ್ದಾಗಿ ಮಾತ್ರ ಅಲ್ಲ. ದೊಡ್ಡ ಹೆಸರು ಮಾಡದ ಮಗುವಿಗೂ ಬಾಯಿ ತುಂಬ ನಗುವ ಹಕ್ಕಿದೆ. ಮೆಡಲ್ ಬರದಿದ್ದರೂ ಸಮ್ಮರ್ ಅವನ ಜೊತೆ ಊಟಕ್ಕೆ ಕೂರುತ್ತಿದ್ದಳು ಅಂತ ಆ ಹುಡುಗಿಗೆ ಉತ್ತರ ಕೊಟ್ಟೆ.

ಈಗ ಈ ಸಿನಿಮಾವನ್ನು ಜೂನ್ ತಿಂಗಳಲ್ಲೇ, ಅಡ್ಡಹೆಸರುಗಳು ಗಟ್ಟಿಯಾಗುವ ಮೊದಲೇ, ಎಂಟನೇ ತರಗತಿಗೆ ತೋರಿಸುತ್ತೇನೆ. ತಂದೆತಾಯಿಗಳ ಸಭೆಯಲ್ಲಿ ಅರ್ಧ ಗಂಟೆ ನೀರಿನ ಮಾತಿಗೆ ಇಟ್ಟಿದ್ದೇವೆ. ಮನೆಯಲ್ಲಿ 8 ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ಅವರಿಗೆ ಕುಡಿಯಲು, ಅನ್ನ ಬೇಯಿಸಲು ಫ್ಲೋರೈಡ್ ತೆಗೆದ ಶುದ್ಧ ನೀರನ್ನೇ ಬಳಸಿ ಅನ್ನುತ್ತೇವೆ. ಈಗಾಗಲೇ ಕಲೆಯಾದ ಹಲ್ಲಿಗೆ ದಂತವೈದ್ಯರ ಹತ್ತಿರ ಚಿಕಿತ್ಸೆಯಿದೆ; ಬೇಕೋ ಬೇಡವೋ ಅನ್ನುವುದನ್ನು ಮಗುವನ್ನೇ ಕೇಳಿ ಅಂತಲೂ ಹೇಳುತ್ತೇವೆ. ಮಗು ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳಲು 1098 ಸಹಾಯವಾಣಿಯ ಸಂಖ್ಯೆಯನ್ನು ನೋಟೀಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೇವೆ.